ಮೊಹರು ಬಿದ್ದ ಜಾಡಿ

ಮೊರದಲ್ಲಿ ತೊಗರಿಬೇಳೆ ಹರಡಿಕೊಂಡು ಹದಿನೇಳನೆಯ ಕಲ್ಲನ್ನು ಹೆಕ್ಕಿ ಪಕ್ಕಕ್ಕಿಟ್ಟ ಹೊತ್ತಿಗೆ, ಬೇಳೆ ಕಟ್ಟಿಕೊಟ್ಟಿದ್ದ ಪತ್ರಿಕೆಯ ಚೂರಿನ ಮೇಲೆ ಅಂಜನಪ್ಪನವರ ಕಣ್ಣು ಬಿತ್ತು. ಭಾನುವಾರದ ಬೆಳಗು. ಚಾಮರಾಜಪೇಟೆಯಲ್ಲಿ ಶಿವರುದ್ರಪ್ಪನವರ ಮನೆಯ ಹಿಂದೆ ಒಂದು ಕೋಣೆ, ಒಂದು ಅಡುಗೆಗೂಡು, ಅದರಲ್ಲಿ ಒಂದು ತಟ್ಟೆ, ಒಂದು ಲೋಟ, ಐವತ್ತನಾಲ್ಕು ವರ್ಷದ ಅಂಜನಪ್ಪನವರು. ಹೆಂಡತಿ ತೀರಿಕೊಂಡು ಹದಿನೈದು ವರ್ಷ. ಮಕ್ಕಳಿಲ್ಲ. ಒಂಟಿ ಮನುಷ್ಯನ ಮನೆಗೆ ಪೊಟ್ಟಣದ ಕಾಗದವೂ ಒಬ್ಬ ನೆಂಟನೇ. ಅಂಜನಪ್ಪನವರು ಅದನ್ನು ನೆಲದ ಮೇಲೆ ಹಾಸಿ, ಸುಕ್ಕು ತೀಡಿ, ಪೂರ್ತಿ ಮಾತಾಡಿಸಿಯೇ ಒಲೆಗೆ ಕಳಿಸುತ್ತಿದ್ದರು.

ಅವತ್ತಿನ ನೆಂಟ ಹೇಳಿದ್ದು ಮೂರು ತಿಂಗಳ ಹಿಂದಿನ ಸುದ್ದಿ. ದೂರದ ಯಾವುದೋ ದೇಶದಲ್ಲಿ ದೊಡ್ಡ ಕ್ರೀಡಾಕೂಟ. ಅಲ್ಲಿಗೆ ಹೊಸ ಯಂತ್ರ ತಂದಿಟ್ಟಿದ್ದಾರೆ. ಆಟಗಾರನ ಮೂತ್ರ ಒಂದಿಷ್ಟು ಹಾಕಿದರೆ ಸಾಕು, ಅವನು ಹಿಂದೆಂದೋ ನುಂಗಿದ ಮದ್ದನ್ನೂ ಅದು ಹೇಳಿಬಿಡುತ್ತದೆ. ಭಾರ ಎತ್ತುವವರು ಪದಕ ಕಳೆದುಕೊಂಡರು. ಓಡಲು ಬಂದಿದ್ದವರು ಕೆಲವರು ಓಡದೆಯೇ ವಿಮಾನ ಹತ್ತಿ ಊರಿಗೆ ಹೋದರು. ಕೊನೆಯ ಸಾಲು ಹೀಗಿತ್ತು: ‘ಸ್ಪರ್ಧೆಗೆ ಮುನ್ನ ದೇಹಬಲ ಹೆಚ್ಚಲೆಂದು ಹೊರಗಿನವರಿಂದ ಪಡೆದು ಸೇವಿಸಿದ ಯಾವುದೇ ಪದಾರ್ಥವು...’ ಅಲ್ಲಿಗೆ ಕಾಗದ ಹರಿದಿತ್ತು. ಮಿಕ್ಕ ನ್ಯಾಯ ಇನ್ನೊಂದು ಪೊಟ್ಟಣದ ಜೊತೆ ಹೋಗಿತ್ತು.

ಅಂಜನಪ್ಪನವರು ಮೊರ ಕೆಳಗಿಟ್ಟು ಗೂಡಿನ ಕಡೆ ನೋಡಿದರು. ಅಲ್ಲಿ ಎರಡು ಸಾಮಾನು ಅಕ್ಕಪಕ್ಕ ಕುಳಿತಿದ್ದವು. ಒಂದು, ನಾಲ್ಕು ಡಬ್ಬಿಯ ಸ್ಟೀಲಿನ ಟಿಫಿನ್ ಕ್ಯಾರಿಯರ್. ಇನ್ನೊಂದು, ಕಂದುಬಣ್ಣದ ಕುತ್ತಿಗೆಯ ಪಿಂಗಾಣಿ ಜಾಡಿ.

ಕ್ಯಾರಿಯರ್ ಬಂದದ್ದು ಹೋದ ಭಾನುವಾರ. ಬಸವನಗುಡಿಯ ಮೈದಾನದಲ್ಲಿ ಅವರ ಇಲಾಖೆಯ ಸಿಬ್ಬಂದಿಗೆ ಆಟೋಟವಿತ್ತು. ನಲವತ್ತೈದು ದಾಟಿದವರ ವೇಗದ ನಡಿಗೆಯಲ್ಲಿ ಅಂಜನಪ್ಪನವರಿಗೆ ಮೊದಲ ಬಹುಮಾನ. ಹೇಗೆ ಗೆದ್ದರೆಂಬುದನ್ನೂ ಹೇಳಿಬಿಡಬೇಕು. ಏಳು ಜನ ಹೊರಟರು. ನಡಿಗೆಯಲ್ಲಿ ಓಡಬಾರದು ಎಂಬುದು ನಿಯಮ. ಸೀಟಿ ಊದಿದ ಕೂಡಲೇ ಆರು ಜನ ಓಡಿದರು. ತೀರ್ಪಿಗೆ ಬಂದಿದ್ದ ನಿವೃತ್ತ ಡ್ರಿಲ್ ಮೇಷ್ಟ್ರು ಆರೂ ಜನರನ್ನು ಕಿವಿ ಹಿಂಡುವುದೊಂದು ಬಿಟ್ಟು ಉಳಿದೆಲ್ಲ ಮರ್ಯಾದೆ ಮಾಡಿ ಹೊರಗೆ ಕಳಿಸಿದರು. ಅಂಜನಪ್ಪನವರು ಬಸ್ಸಿಗೂ ಓಡಿದವರಲ್ಲ. ಕಂಕುಳಲ್ಲಿ ಛತ್ರಿ, ಹೆಗಲಲ್ಲಿ ಚೀಲ, ಕಚೇರಿಗೆ ಹೋಗುವ ಹಾಗೇ ನಾಲ್ಕು ಸುತ್ತು ಬಂದರು. ಬಂದು ಮುಟ್ಟುವ ಹೊತ್ತಿಗೆ ಜನವೆಲ್ಲ ಪಾನಕದ ಕಡೆ ಹೋಗಿದ್ದರು. ಡ್ರಿಲ್ ಮೇಷ್ಟ್ರು ಒಬ್ಬರೇ ಚಪ್ಪಾಳೆ ತಟ್ಟಿದರು, ಅದೂ ಕೈಯಲ್ಲಿದ್ದ ಸೀಟಿ ಬೀಳದಂತೆ ಎರಡೇ ಸಲ. ಅಂಜನಪ್ಪನವರ ಊಟಕ್ಕೆ ಒಂದು ಡಬ್ಬಿ ಸಾಕು. ಮಿಕ್ಕ ಮೂರನ್ನೂ ದಿನಾ ತೊಳೆದು ಒರೆಸಿ ಇಡುತ್ತಿದ್ದರು.

ಜಾಡಿಯಲ್ಲಿದ್ದದ್ದು ಲೇಹ್ಯ. ಕಳಿಸಿದ್ದು ಗವಿಪುರದ ಅಕ್ಕ, ಗಂಗರತ್ನಮ್ಮ. ನಡಿಗೆಯ ಬೆಳಿಗ್ಗೆ ಅಂಜನಪ್ಪನವರು ಅದರಿಂದ ನೆಲ್ಲಿಕಾಯಿ ಗಾತ್ರದ ಒಂದು ಉಂಡೆ ನುಂಗಿದ್ದರು.

ಅಕ್ಕ ತಮ್ಮ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಅಕ್ಕನ ಒಬ್ಬಳೇ ಮಗಳ ಮದುವೆಯಲ್ಲಿ ಲಗ್ನಪತ್ರಿಕೆ ಕಳಿಸುವ ಜವಾಬ್ದಾರಿ ತಮ್ಮನದು. ಕಚೇರಿಯ ರವಾನೆ ಶಾಖೆಯಲ್ಲಿ ದಿನಾ ನೂರಾರು ಕಾಗದಕ್ಕೆ ನಂಬರು ಹಾಕಿ, ಅಂಟಿಸಿ, ಕಳಿಸುವ ಮನುಷ್ಯನಿಗಿಂತ ತಕ್ಕವರು ಯಾರು? ಅಂಜನಪ್ಪನವರು ಅದಕ್ಕೂ ಒಂದು ಪುಸ್ತಕ ಇಟ್ಟು, ನಂಬರು ಬರೆದು, ಎಲ್ಲ ಕಳಿಸಿದರು. ಆದರೆ ತುಮಕೂರಿನ ಬೀಗರ ಕಡೆಯ ಒಂಬತ್ತು ಮನೆಗೆ ಪತ್ರಿಕೆ ಮುಟ್ಟಲಿಲ್ಲ. ಗಂಡಿನ ಸೋದರಮಾವನೇ ಬರಲಿಲ್ಲ. ಊಟದ ಪಂಕ್ತಿಯಲ್ಲಿ ಎಲೆಗಳು ಖಾಲಿ ಬಿದ್ದವು. ಅಕ್ಕ ಎಲ್ಲರ ಮುಂದೆ, “ಊರಿಗೆಲ್ಲ ಕಾಗದ ಕಳಿಸೋ ಕೆಲಸ ನಿಂದು. ನನ್ನ ಮಗಳಿಗೆ ಒಂಬತ್ತು ಕಾಗದ ಕಳಿಸೋಕ್ಕೆ ಆಗ್ಲಿಲ್ವೇನೋ?” ಅಂದಳು. “ಕಳಿಸಿದೀನಿ. ಅಂಚೆಯವರು ಕಳೆದಿರ್ಬೇಕು,” ಎಂದು ಹೇಳಿ ಅಂಜನಪ್ಪನವರು ಪುಸ್ತಕ ತೋರಿಸಿ, ಊಟ ಮಾಡದೆ ಎದ್ದು ಬಂದರು. ಭಾವ ಅಂಚೆ ಕಚೇರಿಗೆ ಹೋಗಿ ದೊಡ್ಡ ಜಗಳ ಮಾಡಿದರು. ಅಲ್ಲಿಗೆ ಮಾತು ನಿಂತಿತು.

ಲೇಹ್ಯ ಮಾತ್ರ ನಿಲ್ಲಲಿಲ್ಲ. ದೀಪಾವಳಿ ಆದ ವಾರದಲ್ಲಿ ಹೂವಿನ ನಾರಾಯಣಮ್ಮ, ಗವಿಪುರದಲ್ಲೂ ಚಾಮರಾಜಪೇಟೆಯಲ್ಲೂ ಹೂವು ಮಾರುವ ಮುದುಕಿ, ಬುಟ್ಟಿಯಲ್ಲಿ ಜಾಡಿ ಇಟ್ಟುಕೊಂಡು ಬರುವಳು. ಏನೂ ಹೇಳದೆ ಇಟ್ಟು ಹೋಗುವಳು. ಜಾಡಿ ಅವರ ಅಮ್ಮನದು. ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂತಿರುಗಿಸುವ ರೂಢಿ ನಮ್ಮಲ್ಲಿಲ್ಲವಲ್ಲ, ಅಂಜನಪ್ಪನವರು ಲೇಹ್ಯ ಮುಗಿಸಿ, ಜಾಡಿ ತೊಳೆದು ಬಿಸಿಲಿಗಿಟ್ಟು, ಸಂಕ್ರಾಂತಿಗೆ ಅದರ ತುಂಬ ಎಳ್ಳುಬೆಲ್ಲ ತುಂಬಿ ನಾರಾಯಣಮ್ಮನ ಬುಟ್ಟಿಗೆ ಇಡುವರು. ಅವರೂ ಏನೂ ಹೇಳುವವರಲ್ಲ. ವರ್ಷಕ್ಕೆ ಒಂದು ಜಾಡಿ ಲೇಹ್ಯ, ಒಂದು ಜಾಡಿ ಎಳ್ಳುಬೆಲ್ಲ. ಇಷ್ಟೇ ಅವರಿಬ್ಬರ ನಡುವೆ ಉಳಿದಿದ್ದ ವ್ಯವಹಾರ.

ಈಗ ಪತ್ರಿಕೆಯ ಚೂರು ಕೇಳುತ್ತಿತ್ತು, ಅಕ್ಕ ಹೊರಗಿನವಳೋ ಒಳಗಿನವಳೋ?

ಅಂಜನಪ್ಪನವರು ಚೂರು ಹಿಡಿದುಕೊಂಡು ಮುಂದಿನ ಮನೆಗೆ ಹೋದರು. ಶಿವರುದ್ರಪ್ಪನವರಿಗೆ ತರಗುಪೇಟೆಯಲ್ಲಿ ಬೇಳೆಕಾಳಿನ ಮಂಡಿ. ಬಾಡಿಗೆಯವರಿಗೂ ಅಲ್ಲಿಂದಲೇ ಬೇಳೆ ಕಟ್ಟಿಸಿ ತರುತ್ತಿದ್ದರು. ಜಗಲಿಯ ಮೇಲೆ ಎಣ್ಣೆ ಹಚ್ಚಿಕೊಂಡು ಕುಳಿತಿದ್ದರು.

“ಈ ಕಾಗದದ ಇನ್ನರ್ಧ ಯಾರಿಗೆ ಹೋಯ್ತು, ಶಿವರುದ್ರಪ್ನೋರೇ?”

“ಯಾಕೆ, ಬೇಳೆ ಚೆನ್ನಾಗಿಲ್ವಾ?”

“ಬೇಳೆ ಚೆನ್ನಾಗಿದೆ. ಹದಿನೇಳೇ ಕಲ್ಲು. ನಂಗೆ ಬೇಕಾಗಿರೋದು ಸುದ್ದಿ.”

“ಸುದ್ದಿ ನಾನು ತೂಕ ಹಾಕಿ ಕೊಡಲ್ಲ ಮಾರಾಯ್ರೇ. ಅದು ಬೇಳೆ ಜೊತೆ ಬಿಟ್ಟಿ.”

ಒಳಗಿನಿಂದ ಅವರ ಹೆಂಡತಿ ಶೈಲಜಮ್ಮ ಬಂದರು. “ಇನ್ನರ್ಧದಲ್ಲಿ ನಾನು ಕೊತ್ತಂಬರಿ ಬೀಜ ಕಟ್ಟಿ ನನ್ನ ತಂಗಿ ಮನೆಗೆ ಕಳಿಸ್ದೆ. ಏನಿತ್ತು ಅದರಲ್ಲಿ?”

“ನಾನು ತಪ್ಪು ಮಾಡಿದೀನೋ ಇಲ್ವೋ ಅಂತ ಇತ್ತು,” ಅಂದರು ಅಂಜನಪ್ಪನವರು.

ಶೈಲಜಮ್ಮನವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ತಪ್ಪು ಮಾಡುವಷ್ಟು ಹೊತ್ತು ಯಾರ ಜೊತೆಯೂ ನಿಂತು ಮಾತಾಡದ ಬಾಡಿಗೆದಾರ ಇವರು. ಇಂಥವರ ವಿಷಯ ಪೇಪರಿನಲ್ಲಿ ಬಂದಿದೆ, ತಾನು ಅದರಲ್ಲಿ ಕೊತ್ತಂಬರಿ ಬೀಜ ಕಟ್ಟಿದ್ದೇನೆ. ಮಧ್ಯಾಹ್ನದ ಊಟದ ಹೊತ್ತಿಗೆ ಬೀದಿಯ ಎಡಸಾಲಿಗೆ ವಿಷಯ ತಲುಪಿತು. ಬಲಸಾಲಿಗೆ ಕಾಫಿಯ ಹೊತ್ತಾಯಿತು.

ಸೋಮವಾರ ಅಂಜನಪ್ಪನವರು ಮೂರು ಪ್ರತಿ ಅರ್ಜಿ, ಕ್ಯಾರಿಯರ್, ಜಾಡಿ ಮೂರನ್ನೂ ಹೊತ್ತು ಕ್ರೀಡಾ ಕಾರ್ಯದರ್ಶಿ ಬೈರಯ್ಯನವರ ಮೇಜಿನ ಮುಂದೆ ನಿಂತರು. ಬೈರಯ್ಯ ಚುರುಕಿನ ಮನುಷ್ಯ. ಕುರ್ಚಿಯ ಹಿಂದೆ ಯಾವಾಗಲೂ ಒಂದು ವಾಲಿಬಾಲ್ ಇರುತ್ತಿತ್ತು, ಗಾಳಿ ಇರುತ್ತಿರಲಿಲ್ಲ.

“ಬಹುಮಾನ ವಾಪಸ್ ತಗೊಳ್ಳಿ ಬೈರಯ್ನೋರೇ.”

“ಯಾಕೆ, ಡಬ್ಬಿ ಸೋರುತ್ತಾ?”

“ಸೋರಲ್ಲ. ನಾನು ಲೇಹ್ಯ ತಿಂದು ನಡೆದೆ.”

“ಎಲ್ರೂ ಏನಾದ್ರೂ ತಿಂದೇ ನಡೆಯೋದು ಸ್ವಾಮಿ. ಲೆಕ್ಕಪತ್ರದ ನಂಜಪ್ಪ ಆರು ಇಡ್ಲಿ ತಿಂದು ಬಂದಿದ್ದ.”

“ಇಡ್ಲಿ ಹಸಿವಿಗೆ. ಲೇಹ್ಯ ಬಲಕ್ಕೆ. ವಿದೇಶದಲ್ಲಿ ಇಂಥದ್ದಕ್ಕೆ ಯಂತ್ರಾನೇ ಇಟ್ಟಿದಾರೆ.”

ಬೈರಯ್ಯ ನಕ್ಕು ಅರ್ಜಿ ಹರಿಯಲು ಕೈ ಹಾಕಿದರು. ಆಗ ಅದರ ನೆತ್ತಿಯ ಮೇಲಿನ ನೇರಳೆ ಸೀಲು ಕಂಡಿತು. ಸ್ವೀಕೃತಿ ಸಂಖ್ಯೆ ೪೪೧೬.

“ಇದಕ್ಕೆ ನಂಬರ್ ಯಾಕ್ರೀ ಹಾಕಿದ್ರಿ?”

“ಬಂದ ಕಾಗದಕ್ಕೆ ನಂಬರ್ ಹಾಕೋದು ನನ್ನ ಕೆಲಸ.”

“ತಂದೋರೂ ನೀವೇ ಅಲ್ವಾ?”

“ಯಾರೇ ತರಲಿ.”

ನಂಬರು ಬಿದ್ದ ಕಾಗದವನ್ನು ಹರಿಯುವಂತಿಲ್ಲ. ಅದು ಸೂಪರಿಂಟೆಂಡೆಂಟ್ ಶ್ರೀನಿವಾಸಯ್ಯನವರ ಮೇಜಿಗೆ ಹೋಯಿತು. ಶ್ರೀನಿವಾಸಯ್ಯನವರು ನಿವೃತ್ತಿಗೆ ಎರಡು ವರ್ಷ ಇದ್ದವರು. ಮೂವತ್ತು ವರ್ಷದಲ್ಲಿ ನಂಬರಿದ್ದ ಒಂದು ಕಾಗದವನ್ನೂ ಕಳೆದವರಲ್ಲ, ಒಂದನ್ನೂ ಮುಗಿಸಿದವರೂ ಅಲ್ಲ. ಅರ್ಜಿಯನ್ನು ಎರಡು ಸಲ ಓದಿ, ಕಡತ ತೆರೆಸಿ, ಸಮಿತಿ ಮಾಡಿದರು. ಅಧ್ಯಕ್ಷರು ತಾವು, ಸದಸ್ಯರು ಬೈರಯ್ಯ ಮತ್ತು ಟೈಪಿಸ್ಟ್ ಮಹಾನಂದ. ಕ್ಯಾರಿಯರ್ ತೀರ್ಮಾನವಾಗುವವರೆಗೆ ಗೆದ್ದವರ ಬಳಿಯೇ ಇರತಕ್ಕದ್ದು. ಲೇಹ್ಯದ ಜಾಡಿಯನ್ನು ಸಾಕ್ಷಿ ಎಂದು ವಶಪಡಿಸಿಕೊಂಡು ಮೊಹರು ಮಾಡತಕ್ಕದ್ದು.

ಮೊಹರು ಮಾಡುವ ಕೆಲಸ ರವಾನೆ ಶಾಖೆಯದು. ಆದ್ದರಿಂದ ಅಂಜನಪ್ಪನವರೇ ಅರಗು ಕರಗಿಸಿ, ತಮ್ಮ ಅಮ್ಮನ ಜಾಡಿಯ ಬಾಯಿಗೆ ಬಟ್ಟೆ ಬಿಗಿದು, ನಾಲ್ಕು ಕಡೆ ಸರ್ಕಾರದ ಮುದ್ರೆ ಒತ್ತಿದರು. ಅದು ಬೀರುವಿಗೆ ಹೋಯಿತು. ಬೀಗದ ಕೈ ಶ್ರೀನಿವಾಸಯ್ಯನವರ ಉಡಿದಾರಕ್ಕೆ ಹೋಯಿತು.

ಸಂಜೆ ಮನೆಗೆ ಹೊರಡುವ ಮುಂಚೆ ಅಂಜನಪ್ಪನವರು ದಿನದ ಹಾಗೇ ತಮ್ಮ ಚೀಲವನ್ನು ತಲೆಕೆಳಗು ಮಾಡಿ ಮೂರು ಸಲ ಕೊಡವಿದರು. ಇದು ಅವರ ಹಳೆಯ ಅಭ್ಯಾಸ. “ಏನು ಬೀಳುತ್ತೆ ಅಂತ ನೋಡ್ತೀರಿ ಸಾರ್? ಪ್ರಮೋಷನ್ನಾ?” ಅಂದಳು ಮಹಾನಂದ. ಅದನ್ನು ಅವಳು ಆರು ವರ್ಷದಿಂದ ಕೇಳುತ್ತಿದ್ದಳು. ಅವರು ಆರು ವರ್ಷದಿಂದ ಉತ್ತರ ಹೇಳಿರಲಿಲ್ಲ.

ಆಮೇಲೆ ಪರೀಕ್ಷೆಯ ಮಾತು ಬಂತು. ಪೇಪರಿನ ಚೂರಿನಲ್ಲಿ ಮೂತ್ರ ಎಂದೇ ಇತ್ತು. ಮಾರನೆಯ ದಿನ ಅಂಜನಪ್ಪನವರು ಒಂದು ಹಾರ್ಲಿಕ್ಸ್ ಬಾಟಲಿಯನ್ನು ಅರಗು ಹಾಕಿ, ಚೀಟಿ ಅಂಟಿಸಿ, ನಂಬರು ಕೊಟ್ಟು ತಂದರು. ಜವಾನ ಅದನ್ನು ಮುಟ್ಟಲಿಲ್ಲ. ಸಂಘದ ಮೂಲಕ ಪತ್ರ ಬಂದರೆ ನೋಡೋಣ ಅಂದ. ಕೊನೆಗೆ ಅಂಜನಪ್ಪನವರೇ ಹತ್ತಿರದ ಒಬ್ಬ ವೈದ್ಯರ ಬಳಿ ಹೊತ್ತುಕೊಂಡು ಹೋಗಿ, ಚೀಟಿ ಬರೆಸಿಕೊಂಡು ಬಂದರು. ಚೀಟಿಯಲ್ಲಿ ಎರಡೇ ಪದ. ‘ಸಕ್ಕರೆ ಇಲ್ಲ.’

ಸಮಿತಿ ಅದನ್ನು ಮುಕ್ಕಾಲು ಗಂಟೆ ಚರ್ಚಿಸಿತು.

“ಸಕ್ಕರೆ ಇಲ್ಲ ಅಂದ್ಮೇಲೆ ಲೇಹ್ಯಕ್ಕೆ ಬೆಲ್ಲ ಹಾಕಿದಾರೆ ಅಂತಾಯ್ತು,” ಅಂದರು ಬೈರಯ್ಯ. ಶ್ರೀನಿವಾಸಯ್ಯನವರು ಅದನ್ನು ಕಡತದಲ್ಲಿ ಬರೆಸಿದರು. ಮಹಾನಂದ ಟೈಪು ಮಾಡುವಾಗ ಎರಡು ಸಲ ತಲೆ ತಗ್ಗಿಸಿದಳು.

ಈ ನಡುವೆ ಬೈರಯ್ಯನವರಿಗೆ ವಿಷಯದ ರುಚಿ ಹತ್ತಿತು. ನೋಟೀಸ್ ಬೋರ್ಡಿನಲ್ಲಿ ಹಾಕಿದರು: ‘ಇನ್ನು ಮುಂದೆ ಯಾವುದೇ ಪಂದ್ಯಕ್ಕೆ ಮುನ್ನ ಸಿಬ್ಬಂದಿಯು ಬಲವರ್ಧಕ ಪದಾರ್ಥ ಸೇವಿಸಕೂಡದು.’ ಮುದ್ದೆ ಬಲವರ್ಧಕವೋ ಅಲ್ಲವೋ ಎಂದು ಕೇಳಿ ಹದಿನಾಲ್ಕು ಜನ ಲಿಖಿತವಾಗಿ ಸ್ಪಷ್ಟೀಕರಣ ಬಯಸಿದರು. ಡಿಸೆಂಬರಿನ ಕೇರಂ ಪಂದ್ಯದ ದಿನ ಬೈರಯ್ಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ಒಳಗೆ ಹೋಗುವವರೆಲ್ಲ ನಾಲಿಗೆ ಚಾಚಬೇಕೆಂದರು. ಕಾಫಿ ಕುಡಿದ ಒಂಬತ್ತು ಜನ ಹೊರಗೆ ಬಿದ್ದರು. ನಂಜಪ್ಪನ ನಾಲಿಗೆ ಕೆಂಪಗಿತ್ತು.

“ಎಲೆಅಡಿಕೆ ಸಾರ್. ಇದರಿಂದ ಕೇರಂ ಕಾಯಿ ತೂತಿಗೆ ಬೀಳುತ್ತಾ?” ಅಂದ ನಂಜಪ್ಪ.

“ಮನಸ್ಸಿಗೆ ಉಲ್ಲಾಸ ಕೊಡುತ್ತೆ. ಹೊರಗೆ.”

“ನಡಿಗೇಲಿ ಓಡಿದೆ ಅಂತ ಹೊರಗೆ ಹಾಕಿದ್ರಿ, ಕೇರಂನಲ್ಲಿ ಅಗಿದೆ ಅಂತ ಹೊರಗೆ ಹಾಕ್ತೀರಿ. ನಾನು ಸುಮ್ನೆ ಕೂತ್ಕೊಳ್ಳೋ ಆಟ ಯಾವ್ದಾದ್ರೂ ಇದ್ರೆ ಹೇಳಿ.”

“ಅದು ನೀನು ದಿನಾ ಸೀಟಲ್ಲಿ ಆಡ್ತಿದೀಯಲ್ಲ ಮಗಾ,” ಅಂತ ಯಾರೋ ಹಿಂದಿನಿಂದ ಅಂದರು.

ಮಹಾನಂದಳ ಸರದಿ ಬಂತು. “ನಾನು ಚಾಚಲ್ಲ ಸಾರ್. ನಾಲಿಗೆ ಹೊರಗೆ ಬಂದ್ರೆ ಅದರ ಹಿಂದೆ ಮಾತೂ ಬರುತ್ತೆ,” ಅಂದಳು. ಬೈರಯ್ಯ ದಾರಿ ಬಿಟ್ಟರು. ಒಳಗೆ ಎದುರಾಳಿಯೇ ಇರಲಿಲ್ಲವಾದ್ದರಿಂದ ಮೊದಲ ಬಹುಮಾನವೂ ಎರಡನೆಯದೂ ಅವಳಿಗೇ ಬಂತು.

ಇಷ್ಟೆಲ್ಲ ಆದರೂ ಮುಖ್ಯ ಪ್ರಶ್ನೆ ಹಾಗೇ ಉಳಿಯಿತು. ಲೇಹ್ಯ ಮಾಡಿದವರು ಯಾರು, ಅದರಲ್ಲಿ ಏನೇನಿದೆ?

“ಹೇಳಕ್ಕಾಗಲ್ಲ ಸಾರ್,” ಎಂದು ಅಂಜನಪ್ಪನವರು ಸಮಿತಿಯ ಮುಂದೆ ಮೂರು ಸಲ ಹೇಳಿದರು. ಮೂರು ಸಲವೂ ಅದು ದಾಖಲಾಯಿತು. ತಾವು ಮಾಡದ ತಪ್ಪನ್ನು ಮೂರು ಪ್ರತಿ ಬರೆದು ತಂದ ಮನುಷ್ಯ, ಒಂದು ಹೆಸರು ಕೇಳಿದರೆ ಬಾಯಿಗೂ ಅರಗು ಹಾಕಿಕೊಂಡಂತೆ ನಿಲ್ಲುತ್ತಿದ್ದರು. ಇದರಿಂದ ಆಗಬೇಕಾದ್ದೇ ಆಯಿತು. ಚಾಮರಾಜಪೇಟೆಯಲ್ಲಿ ಶೈಲಜಮ್ಮನವರು ನೆರೆಯವರಿಗೆ, “ಯಾರೋ ಒಬ್ಳು ಇದಾಳೆ. ವರ್ಷಕ್ಕೊಂದ್ಸಲ ಲೇಹ್ಯ ಕಳಿಸ್ತಾಳೆ,” ಅಂದರು. “ಲೇಹ್ಯಾನಾ? ಆ ವಯಸ್ಸಿಗೆ ಅದೇ ಸರಿ ಬಿಡಿ,” ಅಂದರು ನೆರೆಯವರು. ಕಚೇರಿಯಲ್ಲಿ ಇಬ್ಬರು ಗುಮಾಸ್ತರು ಗುಟ್ಟಾಗಿ ಬಂದು ತಮಗೂ ಒಂದು ಜಾಡಿ ತರಿಸಿಕೊಡಿ ಎಂದು ಕೇಳಿದರು. ನಂಜಪ್ಪ ಎರಡು ಜಾಡಿ ಕೇಳಿದ.

ಜನವರಿ ಹುಟ್ಟಿತು. ಶ್ರೀನಿವಾಸಯ್ಯನವರು ಬೀರುವಿನ ತಳದಿಂದ ಹಳೆಯ ಕೈಪಿಡಿಯೊಂದನ್ನು ತೆಗೆದು ಧೂಳು ಒರೆಸಿ ಓದಿದರು. ‘ತಯಾರಿಸಿದವರು ಯಾರೆಂದು ತಿಳಿಯದ ವಶಪಡಿಸಿಕೊಂಡ ತಿನಿಸನ್ನು ಪಾತ್ರೆ ಸಮೇತ ನಾಶಪಡಿಸತಕ್ಕದ್ದು.’ ಸಮಿತಿ ತೀರ್ಮಾನಿಸಿತು. ಜನವರಿ ಹದಿಮೂರು, ಶುಕ್ರವಾರ, ಕಚೇರಿಯ ಹಿತ್ತಲಿನಲ್ಲಿ, ಸಮಿತಿಯ ಸಮಕ್ಷಮ ಜಾಡಿ ಒಡೆಯುವುದು. ಆ ಆಜ್ಞೆಗೂ ನಂಬರು ಹಾಕಿದವರು ಅಂಜನಪ್ಪನವರೇ. ಅದರಲ್ಲಿ ಕೊನೆಯ ಅಂಕಿ ಮಾತ್ರ ಸ್ವಲ್ಪ ಕೆಳಕ್ಕೆ ಜಾರಿತ್ತು.

ಹನ್ನೊಂದನೆಯ ತಾರೀಕು ಬುಧವಾರ ಬೆಳಿಗ್ಗೆ ನಾರಾಯಣಮ್ಮ ಬಂದಳು. ಬುಟ್ಟಿ ಇಳಿಸಿ ಹೊಸಿಲ ಮೇಲೆ ಕುಳಿತಳು. ಗೂಡಿನಲ್ಲಿ ಜಾಡಿ ಇರಲಿಲ್ಲ.

“ಎಲ್ಲಪ್ಪಾ ಜಾಡಿ?”

“ಆಫೀಸಲ್ಲಿದೆ.”

“ಆಫೀಸಲ್ಲಿ ಉಪ್ಪಿನಕಾಯಿ ಹಾಕ್ತಾರಾ?”

“ಬೀಗ ಹಾಕಿದಾರೆ, ನಾರಾಯಣಮ್ಮ. ನಾಡಿದ್ದು ಒಡೀತಾರೆ.” ಅಂಜನಪ್ಪನವರು ನೆಲ ನೋಡುತ್ತ ಹೇಳಿದರು. “ಹೊಸ ಜಾಡಿ ತಂದು ಅದರಲ್ಲಿ ಎಳ್ಳುಬೆಲ್ಲ ಹಾಕಿ ಕೊಡ್ಲಾ?”

“ನಿಮ್ಮಕ್ಕ ಏನು ಬರೀ ತಿನ್ನೋಕೆ ಕೂತಿರ್ತಾಳಾ? ಒಳಗೂ ಹೊರಗೂ ನೋಡ್ತಾಳೆ.” ನಾರಾಯಣಮ್ಮ ಹೂವಿಗೆ ನೀರು ಚಿಮುಕಿಸುತ್ತ ಹೇಳಿದಳು. “ಹೋದ್ವರ್ಷ ನೀನು ಕೊಬ್ರಿ ದಪ್ಪ ದಪ್ಪ ಹೆಚ್ಚಿದ್ದೆ. ತಮ್ಮಂಗೆ ಕಣ್ಣು ಮಂಜಾಯ್ತೇನೋ ಅಂತ ಎರಡು ದಿನ ಅದನ್ನೇ ಕೈಯಲ್ಲಿ ಹಿಡ್ಕೊಂಡು ಕೂತಿದ್ಲು. ಅದರ ಹಿಂದಿನ ವರ್ಷ ಕಡ್ಲೆ ಸೀದಿತ್ತು. ಒಬ್ನೇ ಒಲೆ ಮುಂದೆ ನಿಂತು ಏನು ಯೋಚನೆ ಮಾಡ್ತಿದ್ನೋ ಅಂದ್ಲು. ಈಗ ಅಮ್ಮನ ಜಾಡಿ ಬಿಟ್ಟು ಅಂಗಡಿ ಜಾಡಿ ತಗೊಂಡು ಹೋಗಿ ಆ ಬಾಗಿಲಲ್ಲಿ ನಿಂತ್ಕೊಳ್ಳೋದು ನನ್ನ ಕೈಲಾಗಲ್ಲ. ಅದರ ಅರ್ಥ ಅವಳು ಏನು ಮಾಡ್ಕೋತಾಳೋ.”

“ಮತ್ತೆ ಏನು ಮಾಡ್ಲಿ?”

“ನಂಗೇನು ಗೊತ್ತು. ನಾನು ಹೂವಿನವಳು. ಕಾಗದದವನು ನೀನು.”

ಅವಳು ಬುಟ್ಟಿ ಎತ್ತಿಕೊಂಡು ಹೋದಳು. ಅಂಜನಪ್ಪನವರು ಮಂಚದ ಕೆಳಗಿನ ಟ್ರಂಕು ಎಳೆದರು. ತಳದಿಂದ ದಾರ ಕಟ್ಟಿದ ಒಂದು ಸಣ್ಣ ಕಟ್ಟು ತೆಗೆದು, ಚೀಲಕ್ಕೆ ಹಾಕಿಕೊಂಡು ಕಚೇರಿಗೆ ಹೋದರು. ಆ ದಿನ ಅವರ ನಡಿಗೆ ನೋಡಿದ್ದರೆ ಡ್ರಿಲ್ ಮೇಷ್ಟ್ರು ಅವರನ್ನೂ ಹೊರಗೆ ಹಾಕುತ್ತಿದ್ದರು.

“ಸಾರ್, ಲೇಹ್ಯ ಮಾಡಿದ್ದು ನಮ್ಮ ಅಕ್ಕ,” ಅಂದರು ಶ್ರೀನಿವಾಸಯ್ಯನವರ ಮುಂದೆ ನಿಂತು.

ಬೈರಯ್ಯ ಪಕ್ಕದ ಮೇಜಿನಿಂದ ತಲೆ ಎತ್ತಿದರು. ಎರಡು ತಿಂಗಳಿಂದ ಬೇರೆ ಏನನ್ನೋ ಎದುರುನೋಡುತ್ತಿದ್ದವರಿಗೆ ಅಕ್ಕ ಎಂದದ್ದು ಬಹಳ ನಿರಾಸೆ ತಂದಿತು.

“ಎಲ್ಲಿರ್ತಾರೆ?” ಶ್ರೀನಿವಾಸಯ್ಯನವರು ಕೇಳಿದರು.

“ಗವಿಪುರ.”

“ನಮ್ಮ ಗವಿಪುರಾನಾ? ನಿಮ್ಮನೆಯಿಂದ ಎಷ್ಟು ಹೊತ್ತು?”

“ನಡೆದ್ರೆ ಇಪ್ಪತ್ತು ನಿಮಿಷ ಸಾರ್.”

“ಮತ್ತೆ ಹೋಗಿ ಕೇಳ್ಕೊಂಡು ಬರೋದಲ್ವಾ? ನಡಿಗೇಲಿ ಫಸ್ಟ್ ಪ್ರೈಜ್ ಬಂದಿದೆ ನಿಮಗೆ.”

ಅಂಜನಪ್ಪನವರು ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿದರು. “ಅಲ್ಲಿಗೆ ನಡೆಯಕ್ಕಾಗಲ್ಲ ಸಾರ್,” ಅಂದರು. “ಹನ್ನೊಂದು ವರ್ಷ ಆಯ್ತು.”

ಟೈಪು ಯಂತ್ರದ ಸದ್ದು ನಿಂತಿತು. ಶ್ರೀನಿವಾಸಯ್ಯನವರು ಕಡತದ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಅವರಿಗೆ ಮನುಷ್ಯರ ಕಷ್ಟದಲ್ಲಿ ಏನು ಹೇಳಬೇಕೆಂದು ತಿಳಿಯುತ್ತಿರಲಿಲ್ಲ. ಕಡತಕ್ಕೆ ಏನು ಬರೆಯಬೇಕೆಂದು ಮಾತ್ರ ತಿಳಿಯುತ್ತಿತ್ತು. ಆದ್ದರಿಂದ ಅದನ್ನೇ ಬರೆದರು. ‘ತಯಾರಿಸಿದವರಿಗೆ ಪತ್ರ ಬರೆದು ವಿವರ ಕೇಳುವುದು. ಕರಡನ್ನು ಅಂಜನಪ್ಪನವರೇ ತಯಾರಿಸತಕ್ಕದ್ದು. ಈ ದಿನವೇ ರವಾನೆಯಾಗತಕ್ಕದ್ದು.’

“ಇದು ಆಜ್ಞೆ,” ಅಂದರು. “ಆಗಲ್ಲ ಅನ್ನೋ ಹಾಗಿಲ್ಲ.”

ಅಂಜನಪ್ಪನವರು ತಮ್ಮ ಮೇಜಿಗೆ ಹೋಗಿ ಕುಳಿತರು. ಮೊದಲನೆಯ ಹಾಳೆಯಲ್ಲಿ ‘ಮಾನ್ಯರೇ’ ಎಂದು ಬರೆದು ಹರಿದರು. ಎರಡನೆಯದರಲ್ಲಿ ‘ವಿಷಯ: ಲೇಹ್ಯ’ ಎಂದು ಬರೆದು ಹರಿದರು. ಮಧ್ಯಾಹ್ನ ಡಬ್ಬಿ ತೆರೆಯಲಿಲ್ಲ. ಮೂರು ಗಂಟೆಗೆ ಒಂದು ಹಾಳೆಯನ್ನೂ ಆ ದಾರ ಕಟ್ಟಿದ ಕಟ್ಟನ್ನೂ ತಂದು ಶ್ರೀನಿವಾಸಯ್ಯನವರ ಮುಂದಿಟ್ಟರು. ಹಾಳೆಯಲ್ಲಿ ಹೀಗಿತ್ತು:

‘ಅಕ್ಕನಿಗೆ ನಮಸ್ಕಾರ. ಆ ಒಂಬತ್ತು ಪತ್ರಿಕೆಗಳನ್ನು ಅಂಚೆಯವರು ಕಳೆಯಲಿಲ್ಲ. ಮದುವೆಯಾದ ನಾಲ್ಕನೆಯ ದಿನ ನನ್ನ ಚೀಲದ ಒಳಜೇಬಿನಲ್ಲಿ ಸಿಕ್ಕಿದವು. ಅಷ್ಟು ಹೊತ್ತಿಗೆ ಭಾವ ಅಂಚೆ ಕಚೇರಿಯಲ್ಲಿ ಜಗಳವಾಡಿ ಬಂದಿದ್ದರು. ನನಗೆ ಬಾಯಿ ಬರಲಿಲ್ಲ. ಪುಸ್ತಕದಲ್ಲಿ ನಂಬರು ಬರೆದಿದ್ದೆ, ಕಳಿಸಿದ್ದೇನೆ ಎಂದೇ ತಿಳಿದಿದ್ದೆ. ಅವನ್ನು ಇದರ ಜೊತೆ ಇಟ್ಟಿದ್ದೇನೆ. ಈಗ ಯಾರಿಗೂ ಉಪಯೋಗವಿಲ್ಲ. ನಡಿಗೆಯಲ್ಲಿ ನನಗೆ ಮೊದಲ ಬಹುಮಾನ ಬಂತು. ನಾಲ್ಕು ಡಬ್ಬಿಯ ಕ್ಯಾರಿಯರ್. ಮೂರು ಖಾಲಿ ಇರುತ್ತವೆ. ಅಮ್ಮನ ಜಾಡಿ ಕಚೇರಿಯಲ್ಲಿದೆ, ನನಗೆ ಏನೂ ಆಗಿಲ್ಲ, ನೀನು ಹೆದರಬೇಡ. ಲೇಹ್ಯಕ್ಕೆ ಏನೇನು ಹಾಕುತ್ತೀಯೆಂದು ತಿಳಿಸಬೇಕಾಗಿ ಕೋರಿಕೆ.’

ಕೆಳಗೆ ಎಡಗಡೆ, ಜೊತೆಗಿಟ್ಟ ಕಾಗದ ಎಷ್ಟೆಂದು ಹೇಳುವ ಜಾಗದಲ್ಲಿ, ಕಚೇರಿಯ ಪದ್ಧತಿಯಂತೆ ‘ಅಡಕ: ಒಂಬತ್ತು’ ಎಂದು ಬರೆದಿತ್ತು.

ಶ್ರೀನಿವಾಸಯ್ಯನವರು ಕೆಂಪು ಶಾಯಿಯ ಪೆನ್ನು ಹಿಡಿದು ಓದಿದರು. ಕರಡು ತಿದ್ದದೆ ಬಿಟ್ಟ ಉದಾಹರಣೆ ಅವರ ಸೇವೆಯಲ್ಲಿರಲಿಲ್ಲ. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದರು.

“ಸಮಿತಿ ಕೇಳಿರೋದು ಕೊನೇ ಸಾಲು ಒಂದೇ ಅಲ್ವಾ?” ಅಂದರು ಬೈರಯ್ಯ, ಅವರ ಭುಜದ ಮೇಲಿಂದ ಬಗ್ಗಿ.

“ಮಿಕ್ಕಿದ್ದು ತೆಗೀಲಾ ಸಾರ್?” ಕೇಳಿದರು ಅಂಜನಪ್ಪನವರು.

“ಬೇಡ.” ಶ್ರೀನಿವಾಸಯ್ಯನವರು ಪೆನ್ನಿನ ಮುಚ್ಚಳ ಹಾಕಿದರು. “ಹಿನ್ನೆಲೆ ಇಲ್ಲದೆ ಕಾಗದ ಹೋಗಬಾರದು.”

ಆಮೇಲೆ ಕಡತದಲ್ಲಿ ಇನ್ನೊಂದು ಸಾಲು ಬರೆದರು. ‘ಪತ್ರ ಬರೆಯಲಾಗಿದೆ. ಉತ್ತರ ಬರುವವರೆಗೆ ಜಾಡಿಯನ್ನು ಒಡೆಯಕೂಡದು.’ ಉತ್ತರ ಬರದಿದ್ದರೆ ಎಷ್ಟು ದಿನ ಕಾಯಬೇಕೆಂದು ಅವರು ಬರೆಯಲಿಲ್ಲ. ಕಾಯುವ ವಿಷಯದಲ್ಲಿ ಆ ಕಚೇರಿಗೆ ದಿನದ ಲೆಕ್ಕ ಎಂದೂ ಇರಲಿಲ್ಲ.

ಮಹಾನಂದ ಎದ್ದು ಬಂದು ಒಂಬತ್ತು ಪತ್ರಿಕೆಗಳನ್ನು ನೋಡಿದಳು. ಅರಿಶಿನದ ಅಂಚು ಮಾಸಿತ್ತು. ಹನ್ನೊಂದು ವರ್ಷದ ಹಿಂದಿನ ಅಂಚೆಚೀಟಿ ನೀಟಾಗಿ ಅಂಟಿಕೊಂಡಿತ್ತು. “ಹಂಗಾದ್ರೆ ಚೀಲದಿಂದ ಬೀಳುತ್ತೇನೋ ಅಂತ ನೀವು ದಿನಾ ನೋಡ್ತಿದ್ದಿದ್ದು...” ಅಂದವಳು ಅರ್ಧಕ್ಕೆ ನಿಲ್ಲಿಸಿ, ತನ್ನ ಡ್ರಾಯರಿನಿಂದ ದೊಡ್ಡ ಲಕೋಟೆ ತಂದುಕೊಟ್ಟಳು.

ಅಂಜನಪ್ಪನವರು ರವಾನೆ ಪುಸ್ತಕ ತೆರೆದು ನಂಬರು ಹಾಕಿದರು. ಸರ್ಕಾರದ ಅಂಚೆಚೀಟಿ ಅಂಟಿಸಲು ಮನಸ್ಸು ಒಪ್ಪಲಿಲ್ಲ. ಐದೂವರೆಗೆ ಹೊರಟು, ಚಾಮರಾಜಪೇಟೆಯ ಅಂಚೆ ಕಚೇರಿ ಮುಚ್ಚುವ ಮೊದಲೇ ಸ್ವಂತ ದುಡ್ಡಿನಲ್ಲಿ ಚೀಟಿ ಕೊಂಡು, ತೂಗಿಸಿ, ಅಂಟಿಸಿ, ಹೊರಗಿನ ಕೆಂಪು ಡಬ್ಬಿಯ ಮುಂದೆ ನಿಂತರು. ಡಬ್ಬಿಯ ಬಾಯೊಳಗೆ ಲಕೋಟೆ ಅರ್ಧ ಹೋಗಿ ನಿಂತಿತು. ಒಂಬತ್ತು ಪತ್ರಿಕೆಯ ದಪ್ಪ. ಅವರು ಎಳೆಯಲೂ ಇಲ್ಲ, ನೂಕಲೂ ಇಲ್ಲ. ಹಿಂದೆ ನಿಂತಿದ್ದ ಒಬ್ಬಾಕೆ, “ಹಾಕಿ ಯಜಮಾನ್ರೇ, ನಂದೂ ಇದೆ,” ಅಂದಳು. ಅಂಜನಪ್ಪನವರು ಅಂಗೈಯಿಂದ ಒತ್ತಿದರು. ಒಳಗೆ ಬಿದ್ದ ಸದ್ದು ಕೇಳಿಸಿತು.

ಆಕೆ ಹೋದ ಮೇಲೂ ಅವರು ಅಲ್ಲೇ ನಿಂತಿದ್ದರು. ಚೀಲವನ್ನು ತಲೆಕೆಳಗು ಮಾಡಿ ಕೊಡವಿದರು. ಒಳಜೇಬಿಗೆ ಕೈ ಹಾಕಿ ನೋಡಿದರು. ಕೊನೆಯ ಟಪ್ಪಾಲು ತೆಗೆಯಲು ಅಂಚೆಯವನು ಬಂದು, ಡಬ್ಬಿಯ ಬೀಗ ತೆರೆದು, ಕಾಗದಗಳನ್ನು ಬಾಚಿ ತನ್ನ ಚೀಲಕ್ಕೆ ತುಂಬತೊಡಗಿದ.

“ಒಂದು ದಪ್ಪ ಲಕೋಟೆ ಬಂತಾ? ಗವಿಪುರದ್ದು?”

“ಇದೆ ನೋಡಿ ಸ್ವಾಮಿ.” ಅವನು ಎತ್ತಿ ತೋರಿಸಿದ. “ನಾಳೆ ಮಧ್ಯಾಹ್ನ ಮನೆ ಸೇರುತ್ತೆ. ಯಾಕೆ ಅಷ್ಟು ಚಿಂತೆ? ಅಂಚೆಯವರು ಕಾಗದ ಕಳೆಯಲ್ಲ.”

“ಗೊತ್ತಪ್ಪ,” ಅಂದರು ಅಂಜನಪ್ಪನವರು. “ನನಗೆ ಹನ್ನೊಂದು ವರ್ಷದಿಂದ ಗೊತ್ತು.”

ಅಂಚೆಯವನು ಲಕೋಟೆಯನ್ನು ಮಿಕ್ಕ ಕಾಗದಗಳ ನಡುವೆ ಹಾಕಿ, ಚೀಲದ ಬಾಯಿ ಬಿಗಿದು, ಒಳಗೆ ಹೊತ್ತುಕೊಂಡು ಹೋದ.